ಗಿಟಾರ್ ರಿಪೇರಿಯ ಸಾಮಾನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದೆ

ಮುಂಗಾರು ಹಿಡಿದು ಒಂದೆರಡು ವಾರ ಕಳೆಯಿತೆಂದರೆ ಗೆಂಡೆಹಳ್ಳಿ, ಅರೇಹಳ್ಳಿ, ಬಿಕ್ಕೋಡು ಸೀಮೆಯ ಮನೆಗಳಲ್ಲಿ ಗೋಡೆಗೆ ನೇತುಹಾಕಿದ ಗಿಟಾರ್‌ಗಳು ಮುನಿಸಿಕೊಳ್ಳುತ್ತವೆ. ತಂತಿ ಮೇಲೇಳುತ್ತದೆ. ಏಪ್ರಿಲ್‌ನಲ್ಲಿ ಸಲೀಸಾಗಿ ಹಿಡಿಯುತ್ತಿದ್ದ ಎಫ್ ಕಾರ್ಡ್‌ಗೆ ಆಗಸ್ಟ್‌ನಲ್ಲಿ ಬೆರಳು ನೋಯುವಷ್ಟು ಒತ್ತಬೇಕು. ಒತ್ತಿದರೂ ಶ್ರುತಿ ಚೂರು ಏರಿಯೇ ಇರುತ್ತದೆ. ಹೊಸದಾಗಿ ಕಲಿಯುವ ಮಕ್ಕಳು ತಪ್ಪು ತಮ್ಮ ಕೈಯದೇ ಎಂದುಕೊಳ್ಳುತ್ತಾರೆ. ಎಷ್ಟೋ ಮಂದಿ ಅಲ್ಲಿಗೇ ಗಿಟಾರ್ ಕೆಳಗಿಡುತ್ತಾರೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಷರೀಫರ ಪದಗಳನ್ನು ಹಾಡಿದ್ದು ಕೇಳಿ ಆಸೆಪಟ್ಟು ಕೊಂಡ ವಾದ್ಯ ಒಂದೇ ಮಳೆಗಾಲಕ್ಕೆ ಅಟ್ಟ ಸೇರುವುದು ಸಣ್ಣ ನಷ್ಟವಲ್ಲ.

ಸರಿಪಡಿಸಿಕೊಳ್ಳೋಣವೆಂದರೆ ಬೇಲೂರಿನಿಂದ ಬೆಂಗಳೂರಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಹೋಗಿ ಬರುವ ಬಸ್ ಚಾರ್ಜು, ಅಲ್ಲಿ ರಿಪೇರಿಯವರ ಕೂಲಿ, ಮತ್ತೆ ವಾರ ಬಿಟ್ಟು ತರಲು ಇನ್ನೊಂದು ಪ್ರಯಾಣ. ನಾಲ್ಕೈದು ಸಾವಿರದ ಗಿಟಾರ್‌ಗೆ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ. ನಾವೇ ಮಾಡಿಕೊಳ್ಳೋಣವೆಂದು ಸಲಕರಣೆ ಹುಡುಕಿದರೆ ಗಾಬರಿಯಾಗುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಸ್ಟ್ಯುವರ್ಟ್-ಮ್ಯಾಕ್‌ಡೊನಾಲ್ಡ್ 1968ರಿಂದ ಇದೇ ವ್ಯಾಪಾರ ಮಾಡುತ್ತಿರುವ ಕಂಪನಿ. ಅವರ ಸರಕು ಬಹಳ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ತಂತಿ ಕೂರುವ ಗಾಡಿ, ಅಂದರೆ ಕಚ್ಚು, ಕೊರೆಯುವ ಅರಗಳ ಒಂದು ಸೆಟ್ ಮಾತ್ರ ತರಿಸಿದರೂ ಸಾಗಣೆ, ಸುಂಕ ಸೇರಿ ನಮ್ಮ ಗಿಟಾರ್‌ಗಿಂತ ಹೆಚ್ಚಾಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಗಿಟಾರ್ ನೋಡಿಕೊಳ್ಳಲು ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ಸಂಗೀತದ ಅಂಗಡಿಯದ್ದಲ್ಲ. ಅದು ಬೈಕ್ ಸ್ಪೇರ್ಸ್ ಅಂಗಡಿಯಲ್ಲಿದೆ, ಹಾರ್ಡ್‌ವೇರ್ ಅಂಗಡಿಯಲ್ಲಿದೆ, ವೆಲ್ಡಿಂಗ್ ಸಾಮಾನು ಮಾರುವವರಲ್ಲಿದೆ, ಅಕ್ಕಸಾಲಿಗರ ಪೆಟ್ಟಿಗೆಯಲ್ಲಿದೆ. ಮೊದಲು ಕೊಳ್ಳಬೇಕಾದದ್ದು ಅಳೆಯುವ ಸಾಮಾನು. ಕೊರೆಯುವ, ಉಜ್ಜುವ ಸಾಮಾನು ಆಮೇಲೆ.

ಅಳತೆಗೆ ಯಾಕಿಷ್ಟು ಪ್ರಾಮುಖ್ಯ? ನಮ್ಮ ವೀಣೆಯನ್ನು ನೆನೆಯಿರಿ. ಅದರ 24 ಲೋಹದ ಮೆಟ್ಟಿಲುಗಳು ಜೇನುಮೇಣಕ್ಕೆ ಮಸಿ ಬೆರೆಸಿ ಕಟ್ಟಿದ ದಿಂಡಿನ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಒಂದೊಂದು ಮೆಟ್ಟಿಲನ್ನೂ ಕಿವಿಯಲ್ಲಿ ಕೇಳುತ್ತ ಕೂರಿಸುತ್ತಾರೆ. ಅದು ವರ್ಷಗಟ್ಟಲೆ ಕಲಿತ ವಿದ್ಯೆ, ಅಳತೆಪಟ್ಟಿ ಹಿಡಿದು ಮಾಡುವ ಕೆಲಸವಲ್ಲ. ಗಿಟಾರ್ ಹಾಗಲ್ಲ. ತಲೆಯ ಬಳಿಯ ನಟ್‌ನಿಂದ ಬ್ರಿಡ್ಜ್ ಮೇಲಿನ ಸ್ಯಾಡಲ್‌ವರೆಗಿನ ತಂತಿಯ ಉದ್ದ 648 ಮಿ.ಮೀ. ಇದ್ದರೆ ಅದನ್ನು 17.817ರಿಂದ ಭಾಗಿಸಿ, ಬರುವ 36.4 ಮಿ.ಮೀ. ಮೊದಲ ಫ್ರೆಟ್‌ನ ಜಾಗ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹನ್ನೆರಡನೆಯ ಫ್ರೆಟ್ ಸರಿಯಾಗಿ ನಡುವೆ, 324 ಮಿ.ಮೀ.ಗೆ ಬರುತ್ತದೆ. ಕಾರ್ಖಾನೆಯಲ್ಲಿ ಈ ಲೆಕ್ಕ ಒಮ್ಮೆ ಸರಿಯಾಗಿ ಬಿತ್ತೆಂದರೆ ಆಮೇಲೆ ಕೆಡುವುದೆಲ್ಲ ಎತ್ತರ, ಬಾಗು, ಸವೆತ. ಈ ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಬಹುದು. ಸಂಗೀತದ ಕಿವಿ ಇನ್ನೂ ಪಳಗದ ಹದಿನೈದರ ಹುಡುಗಿಯೂ ತನ್ನ ಗಿಟಾರ್ ಸರಿಮಾಡಿಕೊಳ್ಳಬಲ್ಲಳು ಎಂಬ ನನ್ನ ನಂಬಿಕೆಗೆ ಇದೇ ಆಧಾರ.

ಮಳೆಗಾಲದಲ್ಲಿ ಆಗುವುದೇನೆಂದು ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶೇ 10ರಿಂದ 12ರ ತೇವಾಂಶಕ್ಕೆ ಕಣದಲ್ಲಿ ಒಣಗಿಸಿದ ಕಾಫಿಯನ್ನು ಜುಲೈನ ಗೋಡೌನ್‌ನಲ್ಲಿ ತೆರೆದಿಟ್ಟರೆ ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಮರವೂ ಹಾಗೆಯೇ. ಗಾಳಿಯ ಆರ್ದ್ರತೆ ಶೇ 45ರಷ್ಟಿದ್ದರೆ ಮರದೊಳಗಿನ ತೇವ ಶೇ 8ರಿಂದ 9ರಲ್ಲಿ ನಿಲ್ಲುತ್ತದೆ. ಆರ್ದ್ರತೆ ಶೇ 85ಕ್ಕೆ ಏರಿ ವಾರಗಟ್ಟಲೆ ಅಲ್ಲೇ ಇದ್ದರೆ ಆ ತೇವ ದುಪ್ಪಟ್ಟಾಗುತ್ತದೆ. ಮರ ಉಬ್ಬುವುದು ಎಳೆಗೆ ಅಡ್ಡವಾಗಿ. ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಗಿಟಾರ್‌ನ ಮೇಲ್ಹಲಗೆಯ ಅಂಚು ಸುತ್ತಲೂ ಅಂಟಿಕೊಂಡಿರುವುದರಿಂದ ಅಗಲವಾಗಲು ಜಾಗವಿಲ್ಲದೆ ಹೊಟ್ಟೆ ಉಬ್ಬಿಸುತ್ತದೆ. ಅದರ ಮೇಲೆ ಕೂತ ಬ್ರಿಡ್ಜ್ ಏರುತ್ತದೆ, ಜೊತೆಗೆ ತಂತಿಯೂ. ಫೆಬ್ರವರಿ, ಮಾರ್ಚ್‌ನಲ್ಲಿ ಇದೆಲ್ಲ ತಿರುವುಮುರುವು: ಫ್ರೆಟ್‌ಗಳು ಕೂತ ಹಲಗೆಯೂ ಕುಗ್ಗುತ್ತದೆ, ಫ್ರೆಟ್‌ನ ಲೋಹದ ತುದಿ ಮಾತ್ರ ಹೊರಗೆ ಚಾಚಿ ಅಂಗೈಗೆ ಗೀರುತ್ತದೆ.

ಹಾಗಾಗಿ ಮೊದಲ ಖರ್ಚು ಒಂದು ಡಿಜಿಟಲ್ ಆರ್ದ್ರತಾಮಾಪಕಕ್ಕೆ ಇರಲಿ. ಬೆಂಕಿಪೊಟ್ಟಣದಷ್ಟು ಚಿಕ್ಕದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಿಟಾರ್‌ಗೆ ಹಿತ ಶೇ 45ರಿಂದ 55. ಮಲೆನಾಡಿನ ಅಂಚಿನಲ್ಲಿ ಮಳೆಗಾಲದಲ್ಲಿ ಅಷ್ಟು ಇಳಿಸುವುದು ಕಷ್ಟ, ಶೇ 65ರ ಒಳಗಿಟ್ಟರೂ ಲಾಭವೇ. ಗೋಡೆಯಿಂದ ತೆಗೆದು ಜಿಪ್ ಇರುವ ದಪ್ಪ ಚೀಲದಲ್ಲಿಡಿ, ಒಳಗೆ ಬಟ್ಟೆಯ ಸಣ್ಣ ಗಂಟಿನಲ್ಲಿ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಜಾತಿಯದಾದರೆ ಒದ್ದೆಯಾದದ್ದು ಕಣ್ಣಿಗೇ ಗೊತ್ತಾಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ಒಣಗಿಸಿ ಮತ್ತೆ ಇಡಬಹುದು. ಗಿಟಾರನ್ನೇ ಒಲೆಯ ಹತ್ತಿರವೋ ಬಿಸಿಲಿಗೋ ಇಡುವವರಿದ್ದಾರೆ. ಅದು ಬೇಡ. ಅಂಟು ಬಿಡುತ್ತದೆ.

ಇನ್ನು ಬೈಕ್ ಸ್ಪೇರ್ಸ್ ಅಂಗಡಿಗೆ ಹೋಗೋಣ. ಮೆಕ್ಯಾನಿಕ್‌ಗಳು ಟ್ಯಾಪೆಟ್‌ನ, ಪ್ಲಗ್‌ನ ಸಂದು ನೋಡಲು ಬಳಸುವ ಫೀಲರ್ ಗೇಜ್ ಕೇಳಿ. ನೂರೈವತ್ತು ರೂಪಾಯಿಯ ಆಸುಪಾಸಿನ ಈ ಸಾಮಾನಿನಲ್ಲಿ 0.05 ಮಿ.ಮೀ.ಯಿಂದ 1 ಮಿ.ಮೀ.ವರೆಗಿನ ಉಕ್ಕಿನ ಎಲೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಗಿಟಾರ್ ಸಲಕರಣೆ ಎಂದು ಹೆಸರಿಟ್ಟು ಮೂರುಪಟ್ಟು ಬೆಲೆಗೆ ಮಾರುವುದೂ ಇದನ್ನೇ. ಜೊತೆಗೆ ಅರ್ಧ ಮಿ.ಮೀ. ಗೆರೆಗಳಿರುವ ಆರಿಂಚಿನ ಉಕ್ಕಿನ ಸ್ಕೇಲ್ ಒಂದು, ಉದ್ದದ ಇನ್ನೊಂದು. ಉದ್ದದ ಸ್ಕೇಲ್ ನೆಟ್ಟಗಿದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ: ಕಾಗದದ ಮೇಲೆ ಅಂಚಿಗೆ ಗೆರೆ ಎಳೆದು, ಸ್ಕೇಲನ್ನು ಮಗುಚಿ ಅದೇ ಎರಡು ತುದಿಗಳ ನಡುವೆ ಮತ್ತೆ ಎಳೆಯಿರಿ. ಎರಡು ಗೆರೆ ಒಂದೇ ಆದರೆ ಸ್ಕೇಲ್ ನೆಟ್ಟಗಿದೆ. ನಡುವೆ ಸಂದು ಕಂಡರೆ ಬೇರೆ ಕೊಡಿ ಎನ್ನಿ. ಬೆಂಗಳೂರಿಗೆ ಹೇಗೂ ಹೋಗುವುದಿದ್ದರೆ ವಾಹನದ ಸಾಮಾನಿಗೆ ಜೆ.ಸಿ. ರಸ್ತೆ, ಕೈ ಸಲಕರಣೆಗೆ ಎಸ್.ಪಿ. ರಸ್ತೆ ಸುತ್ತಿಬನ್ನಿ, ಭಾನುವಾರವಾದರೆ ಚಿಕ್ಕಪೇಟೆ ಕಡೆಯ ಗುಜರಿ ಬಜಾರ್. ಆದರೆ ನಾನು ಇಲ್ಲಿಯವರೆಗೆ ಹೇಳಿದ್ದಕ್ಕೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬೇಲೂರು, ಹಾಸನ, ಅರಸೀಕೆರೆ ಸಾಕು.

ಅಳೆಯುವ ಕ್ರಮ ಹೀಗೆ. ಗಿಟಾರ್ ಶ್ರುತಿ ಮಾಡಿ, ಆರನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಎಡಗೈಯಿಂದಲೂ ಕುತ್ತಿಗೆ ಒಡಲಿಗೆ ಸೇರುವ ಫ್ರೆಟ್‌ನಲ್ಲಿ ಬಲಗೈಯಿಂದಲೂ ಒತ್ತಿ. ಈಗ ತಂತಿಯೇ ಒಂದು ನೇರ ಗೆರೆ. ಏಳನೆಯ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಎಷ್ಟು ಸಂದು ಇದೆ ಎಂದು ಇನ್ನೊಬ್ಬರು ಫೀಲರ್ ಗೇಜ್ ತೂರಿಸಿ ನೋಡಲಿ. 0.1ರಿಂದ 0.25 ಮಿ.ಮೀ. ಇದ್ದರೆ ಕುತ್ತಿಗೆ ಸರಿಯಿದೆ. ಅದಕ್ಕಿಂತ ಹೆಚ್ಚಾದರೆ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ಹಿಂದಕ್ಕೆ ಸೆಟೆದಿದೆ. ಗೇಜ್ ಇಲ್ಲವೇ? ತಂತಿಯ ಪೊಟ್ಟಣದ ಮೇಲೆ 10 ಎಂದು ಬರೆದಿದ್ದರೆ ಅದರ ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ ಹತ್ತು ಭಾಗ, ಅಂದರೆ 0.25 ಮಿ.ಮೀ. ತುಂಡಾದ ಹಳೆಯ ತಂತಿಯೇ ಗೇಜ್. ಹಾಗೆಯೇ ನಮ್ಮ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಅದರ ನೇರ ಅಂಚನ್ನು ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ಅಲುಗಾಡಿಸಿದರೆ ನಡುವಿನದು ಎದ್ದಿದೆಯೇ ಎಂದು ತಿಳಿಯುತ್ತದೆ. ಒಂದೇ ಒಂದು ಫ್ರೆಟ್‌ನಲ್ಲಿ ತಂತಿ ಜುಂಯ್ ಎನ್ನುವ ಕಾಯಿಲೆಗೆ ಈ ಪರೀಕ್ಷೆ ರಾಮಬಾಣ.

ಕುತ್ತಿಗೆಯ ಬಾಗು ತಿದ್ದುವುದು ಟ್ರಸ್ ರಾಡ್, ಕುತ್ತಿಗೆಯೊಳಗೆ ಹುದುಗಿಸಿದ ಉಕ್ಕಿನ ಸರಳು. 1923ರಲ್ಲಿ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಹೊಂದಿಸಬಲ್ಲ ಸರಳಿಗೆ ಪೇಟೆಂಟ್ ಪಡೆದ ಮೇಲೆ ಬೇರೆಯವರೂ ಆ ಉಪಾಯ ಹಿಡಿದರು. ಅದರ ತಿರುಪು ಸೌಂಡ್ ಹೋಲ್ ಒಳಗೋ ತಲೆಯ ಹತ್ತಿರದ ಚಿಕ್ಕ ಮುಚ್ಚಳದಡಿಯೋ ಇರುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ಅಲೆನ್ ಕೀ ಕೂರುತ್ತದೆ. ಕೆಲವಕ್ಕೆ ಇಂಚಿನ ಅಳತೆ ಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಅಲೆನ್ ಕೀ ಮಾತ್ರ ಚೌಕಾಸಿ ಮಾಡಿ ಕೊಳ್ಳಬೇಡಿ. ಸಂತೆಯ ಮೆದು ಕಬ್ಬಿಣದ ಕೀ, ಅಥವಾ ಸಡಿಲವಾಗಿ ಕೂರುವ ಕೀ ತಿರುಪಿನ ಮೂಲೆಗಳನ್ನು ಸವೆಸಿಬಿಟ್ಟರೆ ಅದನ್ನು ಹೊರತೆಗೆಯುವ ಖರ್ಚು ಗಿಟಾರ್‌ನ ಬೆಲೆಗೆ ಬರುತ್ತದೆ. ಒಳ್ಳೆಯ ಉಕ್ಕಿನದನ್ನೇ ತನ್ನಿ, ಬಿಗಿಯಾಗಿ ಕೂರುವುದನ್ನೇ ಹಾಕಿ. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಮುಂದಕ್ಕೆ ಬಾಗಿದ್ದು ನೆಟ್ಟಗಾಗುತ್ತದೆ. ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಬಲ ಹಾಕಬೇಕಾಗಿ ಬಂದರೆ ನಿಲ್ಲಿಸಿ.

ಹಳೆಯ ಗಿಟಾರ್‌ಗಳಲ್ಲಿ ಈ ತಿರುಪೇ ಇಲ್ಲದಿರಬಹುದು. ಆಗ ಇರುವ ಉಪಾಯ ತೆಳು ತಂತಿ. 12ರ ಸೆಟ್ ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಸುಮಾರು 73 ಕೆ.ಜಿ. ಭಾರದಷ್ಟು ಎಳೆಯುತ್ತವೆ, ಒಬ್ಬ ದೊಡ್ಡ ಆಳು ಆ ಕುತ್ತಿಗೆಗೆ ನೇತಾಡಿದಷ್ಟು. 10ರ ಸೆಟ್ ಹಾಕಿದರೆ ಅದು 60ರ ಆಸುಪಾಸಿಗೆ ಇಳಿಯುತ್ತದೆ. ನಾದ ಸ್ವಲ್ಪ ತೆಳುವಾಗುತ್ತದೆ ನಿಜ, ಆದರೆ ಕಲಿಯುವವರ ಬೆರಳೂ ಉಳಿಯುತ್ತದೆ, ಕುತ್ತಿಗೆಯೂ ಉಳಿಯುತ್ತದೆ.

ಕುತ್ತಿಗೆ ಸರಿಯಾದ ಮೇಲೆಯೇ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್‌ನ ತಲೆಯಿಂದ ಆರನೆಯ ತಂತಿಯ ಕೆಳಗಿನವರೆಗೆ 2ರಿಂದ 2.4, ಮೊದಲನೆಯದಕ್ಕೆ 1.6ರಿಂದ 1.8 ಮಿ.ಮೀ. ಇದ್ದರೆ ಆರಾಮ. ಮೂರು, ಮೂರೂವರೆ ಇರುವ ಹೊಸ ಗಿಟಾರ್‌ಗಳು ಬೇಕಾದಷ್ಟಿವೆ. ತಗ್ಗಿಸಲು ಸ್ಯಾಡಲ್ ಎಳೆದು ತೆಗೆದು ಅದರ ತಳ ಉಜ್ಜಬೇಕು. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಪೂರ್ತಿ ಒಂದು ಮಿ.ಮೀ. ಹೋಗಬೇಕು. ಇದಕ್ಕೆ ದಪ್ಪ ಗಾಜಿನ ತುಂಡು, ಅಥವಾ ಅಡುಗೆಮನೆಯ ಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ಪಟ್ಟಿ. ಅದರ ಮೇಲೆ 120ರ ಉಪ್ಪುಕಾಗದವನ್ನು ಟೇಪ್ ಹಾಕಿ ಅಂಟಿಸಿ. ಎಷ್ಟು ಉಜ್ಜಬೇಕೆಂದು ಸ್ಯಾಡಲ್ ಮೇಲೆ ಪೆನ್ಸಿಲ್ ಗೆರೆ ಎಳೆದು, ನೆಟ್ಟಗೆ ಹಿಡಿದು ತಿಕ್ಕಿ, ಕೊನೆಗೆ 400ರಲ್ಲಿ ನಯ ಮಾಡಿ. ತಳ ಸಮತಟ್ಟಾಗದಿದ್ದರೆ ಒಂದೆರಡು ತಂತಿಯ ದನಿ ಸಾಯುತ್ತದೆ. ಮಳೆಗಾಲದಲ್ಲಿ ತಗ್ಗಿಸಿದ್ದು ಬೇಸಿಗೆಯಲ್ಲಿ ಇನ್ನೂ ಇಳಿದು ಜುಂಯ್ ಎನ್ನಬಹುದು. ಅದಕ್ಕೆ ಹಳೆಯ ಸ್ಯಾಡಲ್ ಮುಟ್ಟದೆ ಎತ್ತಿಟ್ಟು ಹೊಸದನ್ನು ಉಜ್ಜುವುದೇ ಜಾಣತನ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಸ್ಯಾಡಲ್ ಇಟ್ಟುಕೊಳ್ಳುವ ಪದ್ಧತಿ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ.

ಎಫ್ ಕಾರ್ಡ್‌ನ ಕಷ್ಟಕ್ಕೆ ಬಹಳ ಸಲ ನಿಜವಾದ ಕಾರಣ ನಟ್. ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು ಮೊದಲ ಫ್ರೆಟ್ ನೋಡಿ. ಅಲ್ಲಿ ಕೂದಲೆಳೆಯ ಸಂದು ಸಾಕು. ಎಟಿಎಂ ಕಾರ್ಡಿನ ದಪ್ಪದ ಸಂದು ಇದ್ದರೆ ನಟ್‌ನ ಗಾಡಿ ಆಳವಾಗಬೇಕು. ಆ ದುಬಾರಿ ಅರಗಳು ಬೇಕಾಗುವುದು ಇಲ್ಲಿಯೇ. 12ರ ಸೆಟ್‌ನಲ್ಲಿ ತೆಳುವಾದ ತಂತಿ 0.30, ದಪ್ಪದ್ದು 1.35 ಮಿ.ಮೀ.; ಒಂದೊಂದಕ್ಕೂ ಅದರದೇ ಅಗಲದ ಗಾಡಿ ಬೇಕು. ಗ್ಯಾಸ್ ವೆಲ್ಡಿಂಗ್‌ನವರು ಟಾರ್ಚ್‌ನ ಮೂತಿ ಕಟ್ಟಿಕೊಂಡಾಗ ಚುಚ್ಚಿ ಸ್ವಚ್ಛ ಮಾಡುವ ಟಿಪ್ ಕ್ಲೀನರ್ ಎಂಬ ಸಾಮಾನಿದೆ. ಮಡಚುವ ಡಬ್ಬಿಯೊಳಗೆ ಹತ್ತಾರು ಸಣ್ಣ ಉಕ್ಕಿನ ಕಡ್ಡಿಗಳು, ಒಂದಕ್ಕಿಂತ ಒಂದು ದಪ್ಪ, ಮೈತುಂಬ ಅರದಂಥ ಹಲ್ಲು. ನೂರಿನ್ನೂರು ರೂಪಾಯಿ. ಮೂರರಿಂದ ಆರನೆಯ ತಂತಿಯ ಗಾಡಿಗೆ ಇದು ಚೆನ್ನಾಗಿ ಒದಗುತ್ತದೆ, ಗಾಡಿಯ ತಳವೂ ದುಂಡಗೆ ಬರುತ್ತದೆ. ತೆಳು ಕಡ್ಡಿಗಳು ಮಾತ್ರ ಬಾಗುತ್ತವೆ. ಮೊದಲೆರಡು ತಂತಿಗೆ ಅಕ್ಕಸಾಲಿಗರು ಚಿನ್ನ ಕೊಯ್ಯಲು ಬಳಸುವ ಗರಗಸದ ಅಲಗು ಸರಿ. ಅವು ಕಾಲು ಮಿ.ಮೀ.ಯಿಂದ ಅರ್ಧ ಮಿ.ಮೀ.ವರೆಗಿನ ದಪ್ಪದಲ್ಲಿ ಸಿಗುತ್ತವೆ. ಪರಿಚಯದ ಅಕ್ಕಸಾಲಿಗರಿದ್ದರೆ ಒಂದೆರಡು ಅಲಗು ಕೇಳಿ ಪಡೆಯಿರಿ, ಸಣ್ಣ ಅರ ಹಿಡಿಯುವ ರೀತಿಯನ್ನೂ ಕಲಿಯಿರಿ. ಅವರ ಕೈಯ ಹದ ಪುಸ್ತಕದಲ್ಲಿ ಸಿಗುವಂಥದ್ದಲ್ಲ.

ಒಂದೆರಡು ಎಳೆತ, ತಂತಿ ಕೂರಿಸಿ ನೋಡುವುದು, ಮತ್ತೆ ಒಂದೆರಡು ಎಳೆತ. ಕೈ ಮೀರಿ ಆಳವಾದರೆ ಗಾಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಆ ಹೊತ್ತಿನಲ್ಲಿ ಏಳುವ ಹೊಗೆ ಕಣ್ಣು ಉರಿಸುತ್ತದೆ, ಮುಖ ದೂರವಿರಲಿ. ಕೊನೆಗೆ ಗಾಡಿಗೆ ಪೆನ್ಸಿಲ್‌ನ ಸೀಸ ಉಜ್ಜಿದರೆ ಶ್ರುತಿ ಮಾಡುವಾಗ ತಂತಿ ಟಿಕ್ ಟಿಕ್ ಎಂದು ಸಿಕ್ಕಿಕೊಳ್ಳುವುದಿಲ್ಲ.

ಚಾಚಿಕೊಂಡ ಫ್ರೆಟ್ ತುದಿಗೂ ಅಕ್ಕಸಾಲಿಗರ ಸಣ್ಣ ಅರವೇ ಸಾಕು. ಮಂಕಾದ ಫ್ರೆಟ್‌ಗಳಿಗೆ ಅತಿ ನಯವಾದ, ನಾಲ್ಕು ಸೊನ್ನೆಯ ಉಕ್ಕಿನ ಉಣ್ಣೆ. ಹಲಗೆಗೆ ಮಾಸ್ಕಿಂಗ್ ಟೇಪ್ ಹೊದಿಸಿ ಉಜ್ಜಿ. ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್‌ಗಳನ್ನು ಮಾತ್ರ ಮೊದಲು ಮುಚ್ಚಿ. ಅದರ ಅಯಸ್ಕಾಂತಕ್ಕೆ ಉಕ್ಕಿನ ಪುಡಿ ಅಂಟಿದರೆ ಬಿಡಿಸುವುದು ಕಷ್ಟ.

ಹಲಗೆಯ ಮಾತು ಬಂದಾಗ ಈ ಸೀಮೆಯವರಿಗೆ ಹೇಳಲೇಬೇಕಾದ ಸಂಗತಿ ಇದೆ. ಬೇಲೂರು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಕಾಫಿಗೆ ನೆರಳಾಗಿ ನಿಂತ ಬೀಟೆ ಜಗತ್ತಿನ ಗಿಟಾರ್ ಕುಶಲಕರ್ಮಿಗಳು ಆಸೆಪಡುವ ಮರ. ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು; ಅಲ್ಲಿಂದ ಮುಂದೆ ಅದು ಗಿಟಾರ್ ಲೋಕದ ಮಾಮೂಲಿ ಮರವಾಯಿತು. 2017ರ ಜನವರಿಯಲ್ಲಿ ಬೀಟೆ ಕುಲವೆಲ್ಲ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು, 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆಗೆ ಕೊಡಲಿ ಹಾಕುವಂತಿಲ್ಲ, ಹಾಗೆಯೇ ಇರಲಿ. ನಮಗೆ ಬೇಕಾದದ್ದು ಚಿಟಿಕೆ ಪುಡಿ ಮಾತ್ರ. ಹಳೆಯ ಬೀಟೆ ಮಂಚವನ್ನೋ ಬಾಗಿಲನ್ನೋ ದುರಸ್ತಿ ಮಾಡುವ ಆಚಾರರ ಬಳಿ ಗರಗಸದ ಪುಡಿ ಕೇಳಿ ಡಬ್ಬಿಯಲ್ಲಿಡಿ. ಫ್ರೆಟ್ ಹಲಗೆಯಲ್ಲಿ ಚೂರು ಎದ್ದುಹೋದರೆ ಆ ಪುಡಿ ತುಂಬಿ ಫೆವಿಕ್ವಿಕ್ ಬಿಟ್ಟು ಉಜ್ಜಿದರೆ ಗುರುತೇ ಸಿಗದು. ಒಣಗಿದ ಹಲಗೆಗೆ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ, ಅರಸೀಕೆರೆಯ ಅಚ್ಚ ಗಾಣದ್ದಾದರೂ ಸರಿ; ಅದು ಒಣಗುವುದಿಲ್ಲ, ಕಮಟು ಹಿಡಿದು ಕೊಳೆ ಕೂಡಿಸುತ್ತದೆ. ಬಡಗಿಗಳು ಬಳಸುವ ಕಾಯಿಸಿದ ಅಗಸೆ ಎಣ್ಣೆ ಎರಡು ಹನಿ ಬಟ್ಟೆಗೆ ಹಾಕಿ ಸವರಿ, ಕೂಡಲೇ ಒರೆಸಿ ತೆಗೆಯಿರಿ. ವರ್ಷಕ್ಕೊಂದು ಸಲ ಸಾಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುವ ಸ್ವಭಾವ ಅದಕ್ಕಿದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ಮನೆಯಲ್ಲಿ ಮುಟ್ಟಬಾರದ ಕೆಲಸಗಳೂ ಇವೆ. ಬ್ರಿಡ್ಜ್‌ನ ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ. ಅವತ್ತೇ ತಂತಿ ಸಡಿಲಿಸಿ. ಸಂದಿಗೆ ಫೆವಿಕಾಲ್ ಸುರಿದು ಒತ್ತಿಟ್ಟರೆ ಕೆಲವು ವಾರ ನಿಲ್ಲುತ್ತದೆ, ಆಮೇಲೆ ಬೇಸಿಗೆಯ ಬಿಸಿಗೆ, ಅಷ್ಟು ಭಾರದ ಎಳೆತಕ್ಕೆ ಅಂಟು ನಿಧಾನವಾಗಿ ಜಾರುತ್ತದೆ. ಅರಾಲ್ಡೈಟ್ ಹಾಕಿದರೆ ಗಟ್ಟಿ ನಿಲ್ಲಬಹುದು, ಆದರೆ ಮುಂದೆ ಸರಿಯಾಗಿ ಬಿಚ್ಚಿ ಅಂಟಿಸಬೇಕಾದವರಿಗೆ ಮರ ಕಿತ್ತುಬರುತ್ತದೆ. ಹಳೆಯ ಅಂಟು ಪೂರ್ತಿ ಕೆರೆದು, ಸರಿಯಾದ ಕ್ಲಾಂಪ್ ಹಾಕಿ ಕೂರಿಸುವ ಕೆಲಸ ಅದು. ಕುತ್ತಿಗೆಯ ಬುಡ ಬಿಟ್ಟಿದ್ದರೆ, ಒಳಗಿನ ಪಟ್ಟಿ ಸೀಳಿದ್ದರೆ, ಫ್ರೆಟ್‌ಗಳೆಲ್ಲ ಸವೆದು ಸಮ ಮಾಡಬೇಕಾಗಿದ್ದರೂ ಬಲ್ಲವರೇ ಆಗಬೇಕು. ಫ್ರೆಟ್ ಸಮ ಮಾಡಿದ ಮೇಲೆ ಅದರ ತಲೆಯನ್ನು ಮತ್ತೆ ದುಂಡಗೆ ಮಾಡುವ ಅರಕ್ಕೆ ಅಗ್ಗದ ಬದಲಿ ನನಗಂತೂ ಕಂಡಿಲ್ಲ. ಊರಿನಲ್ಲಿ ನಾಲ್ಕೈದು ಗಿಟಾರ್‌ಗಳಿದ್ದರೆ, ಚರ್ಚಿನ ಗಾಯನ ತಂಡವೋ ಶಾಲೆಯೋ ಇದ್ದರೆ, ಎಲ್ಲರೂ ದುಡ್ಡು ಹಾಕಿ ಅದೊಂದನ್ನು ಒಳ್ಳೆಯ ಕಂಪನಿಯದ್ದೇ ತರಿಸಿಕೊಳ್ಳಬಹುದು. ಮೊದಲು ಯಾರೂ ನುಡಿಸದ ಹಾಳು ಗಿಟಾರ್‌ನ ಮೇಲೆ ಕೈ ಪಳಗಿಸಿ.

ಬೆಂಗಳೂರಿಗೇ ಕಳಿಸಬೇಕಾಗಿ ಬಂದಾಗ ತಂತಿಗಳನ್ನು ಎರಡು ಸ್ವರದಷ್ಟು ಇಳಿಸಿ, ಪೂರ್ತಿ ಬಿಚ್ಚಬೇಡಿ. ತಲೆಯ ಕೆಳಗೆ, ಕುತ್ತಿಗೆಯ ಬದಿಗೆ ಹಳೆಯ ಬಟ್ಟೆ ತುರುಕಿ, ಪೆಟ್ಟಿಗೆಯೊಳಗೆ ಗಿಟಾರ್ ಅಲುಗಾಡದಂತೆ ಮಾಡಿ. ಬಸ್ಸಿನ ಡಿಕ್ಕಿಗೆ ಹಾಕದೆ ಸೀಟಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಅಳತೆಗಳನ್ನು, ಅಂದರೆ ಏಳನೆಯ ಫ್ರೆಟ್‌ನ ಸಂದು, ಹನ್ನೆರಡನೆಯ ಫ್ರೆಟ್‌ನ ಎತ್ತರ, ಆವತ್ತಿನ ಆರ್ದ್ರತೆ, ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಬೆಂಗಳೂರಿನ ಒಣಹವೆಯಲ್ಲಿ ಹೊಂದಿಸಿದ ಗಿಟಾರ್ ಜುಲೈನ ಗೆಂಡೆಹಳ್ಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂದು ರಿಪೇರಿಯವರಿಗೆ ಆ ಚೀಟಿಯಿಂದಲೇ ಅಂದಾಜಾಗುತ್ತದೆ.